ನಿಮ್ದರಿ

೧೪ ನವೆಂಬರ್ ೧೯೯೮, ಶನಿವಾರ, ಸೋಲಾಪುರ

ಆ ಒಂದು ಮಾತು ಯಾಕಾದರೂ ಆಡಿದೆನೋ. ಚಾದರದ ನಮೂನೆ ಬಿಡಿಸುವ ಪ್ರೋಗ್ರಾಮನ್ನು ರಜೆಯ ದಿನಗಳಲ್ಲಿ ಮನೆಯಲ್ಲೇ ಬರೆದಿದ್ದೆ. ಹೊಸ ಕಂಪ್ಯೂಟರ್ ಕೈಗೆಟುಕದೆ, ಪುಕ್ಕಟೆ ಸಿಗುವ ಲಿನಕ್ಸ್ ವ್ಯವಸ್ಥೆ ನಡೆಯುವಂಥ ಹಳೆಯ ಭಾಗಗಳನ್ನು ಹುಡುಕಿ ಒಂದನ್ನು ಜೋಡಿಸಿದ್ದೂ ನಾನೇ. ಪ್ರೋಗ್ರಾಮನ್ನು ಎಲ್ಲರಿಗೂ ಪುಕ್ಕಟೆ ಹಂಚುವವನಿದ್ದೆ.

ಇವತ್ತು ಅದನ್ನು ಫ್ಲಾಪಿಯಲ್ಲಿ ಒಯ್ದು, ನಾನು ಕೆಲಸ ಮಾಡುವ ಚಾದರದ ಅಂಗಡಿಯ ಕಂಪ್ಯೂಟರಿನಲ್ಲಿ ಮಾಲೀಕರಾದ ರಾಚಪ್ಪನವರಿಗೆ ತೋರಿಸಿದೆ.

"ಭಾರಿ ಅದ. ಯಾರದಿದು?" ಅಂದರು.

"ನಿಮ್ದರಿ" ಅಂದುಬಿಟ್ಟೆ. ದೊಡ್ಡವರು ಕೇಳಿದರೆ ಮನೆಯಾಗಲಿ, ಮಗುವಾಗಲಿ ನಾವು ಮರ್ಯಾದೆಗೆ ಹಾಗೇ ಅನ್ನುವುದು.

"ಹಂಗಾರ ಅಂಗಡಿ ಹೆಸರು ಹಾಕು. ಹೊರಗ ಯಾರಿಗೂ ಕೊಡಬ್ಯಾಡ."

ಮನೆಗೆ ಬಂದು ಹೇಳಿದರೆ ಹೆಂಡತಿ ಉಜ್ವಲಾ ನಗಲಿಲ್ಲ.

"ನಾಳೆ ಅವರು ಚಹಾಕ್ಕ ಬರ್ತಾರಲ್ರಿ. ಕಂಪ್ಯೂಟರ್ ನೋಡಿ ಯಾರದು ಅಂತ ಕೇಳ್ಯಾರು. ಮ್ಯಾಲ ಚಾದರ ಹೊಚ್ಚಿಡ್ರಿ."

ಹೊಚ್ಚಿದ್ದೇನೆ. ಚಾದರವೂ ಅವರ ಅಂಗಡಿಯದೇ.