ಕೆಳಗಿಂದ ಬಂದ ಉತ್ತರ

ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ಅಕ್ಕನಿಗೆ,

ಸಂಜೆ ಆರು ಗಂಟೆ. ಈಗಷ್ಟೇ ಕೆಲಸದಿಂದ ಬಂದು ಕಾಲು ತೊಳೆದು ಕೂತಿದ್ದೇನೆ. ಇವತ್ತು ಇಡೀ ದಿನ ಗಣಿಯಿಂದ ಒಂದು ಹಿಡಿ ಉಪ್ಪೂ ಮೇಲೆ ಬರಲಿಲ್ಲ. ಜನ ಮಾತ್ರ ಬಾವಿಯ ಸುತ್ತ ನಿಂತಂತೆ ಗಣಿಯ ಸುತ್ತ ನಿಂತಿದ್ದರು. ನಿನ್ನ ಪತ್ರಗಳಿಗೆ ಉತ್ತರ ಬರೆಯಲಿಲ್ಲವೆಂದು ಸಿಟ್ಟು ಮಾಡಿಕೊಳ್ಳಬೇಡ. ಬರೆಯಲು ಕೂತರೆ ಮಗ ಹೋದ ಎಂದು ಬರೆಯಬೇಕಾಗುತ್ತಿತ್ತು. ಕೈ ಏಳಲಿಲ್ಲ. ಭಾವನ ಮಂಡಿನೋವು ಹೇಗಿದೆ?

ಅಲ್ಲಿ ಸುದ್ದಿಯಲ್ಲಿ ಏನೇನು ಹೇಳುತ್ತಾರೋ ಗೊತ್ತಿಲ್ಲ. ನಡೆದದ್ದು ಇಷ್ಟು. ನಮ್ಮವರು ತೀರಾ ಆಳದಲ್ಲಿ ಕೊರೆಯುತ್ತಿದ್ದಾಗ ಉಪ್ಪಿನ ಗೋಡೆ ಒಡೆದು, ಅದರ ಹಿಂದೆ ಒಂದು ಪೊಳ್ಳು ಕಾಣಿಸಿತು. ಆ ಪಾಳಿಯವರು ಯಾರೂ ಮೇಲೆ ಬರಲಿಲ್ಲ. ಹುಡುಕಲು ಇಳಿದವರಿಗೆ ಒಂದು ಚಪ್ಪಲಿಯೂ ಸಿಗಲಿಲ್ಲ. ಪಾಳಿ ಮುಗಿದಾಗ ನಾನು ಲಿಫ್ಟಿನ ಹತ್ತಿರ ಬಗ್ಗಿ "ಯಾರಿದ್ದೀರಿ?" ಎಂದು ಕೂಗುವ ಪದ್ಧತಿ ಇದೆಯಲ್ಲ, ಆಮೇಲೆ ಒಂದು ಸಂಜೆ ಹಾಗೆ ಕೂಗಿದಾಗ ಕೆಳಗಿಂದ ಉತ್ತರ ಬಂತು. ಕಾಣೆಯಾದವರದೇ ಧ್ವನಿಗಳು. "ಇದ್ದೀವಿ, ಇಳಿದು ಬನ್ನಿ."

ಕೆಳಗಿಂದ ಉತ್ತರ ಬರುತ್ತಿರುವಷ್ಟು ದಿನ ಗಣಿ ಮುಚ್ಚುವಂತಿಲ್ಲ. ಲಿಫ್ಟಿನವಳು, ಅಂದರೆ ನಾನು, "ಖಾಲಿ" ಎಂದ ಮೇಲೆಯೇ ಬಾಗಿಲು ಹಾಕಬೇಕು. ಒಬ್ಬನೂ ಒಳಗೆ ಉಳಿಯಬಾರದೆಂದು ಅಜ್ಜಂದಿರ ಕಾಲದಲ್ಲಿ ಮಾಡಿದ ನಿಯಮ. ಆ ನಿಯಮವನ್ನೇ ಕೆಳಗಿರುವ ಅದು ಗಟ್ಟಿಯಾಗಿ ಹಿಡಿದುಕೊಂಡಿತು.

ಅದು ಎಂದರೆ ಏನು ಎಂದು ಕೇಳಬೇಡ. ಭೂಮಿಯ ಒಳಗಿನದನ್ನು ಓದಿದ ಒಬ್ಬ ಮೇಡಂ ಬಂದಿದ್ದಾರೆ, ಅವರಿಗೂ ಹೆಸರು ಗೊತ್ತಿಲ್ಲ. ಇಲ್ಲಿ ಸಮುದ್ರವಿದ್ದಾಗಲೇ ಅದಿತ್ತಂತೆ. ಸಮುದ್ರ ಒಣಗಿ, ಉಪ್ಪು ಅದರ ಮೇಲೆ ಮುಚ್ಚಳದ ಹಾಗೆ ಕೂತಿತಂತೆ. ಬೇರೆ ದೇಶದ ಗಣಿಗಳಲ್ಲೂ ಹೀಗೇ ಆಯಿತು. ಒಂದು ಊರಿನವರು ತಮ್ಮವರ ಧ್ವನಿ ಕೇಳಿ ಮಕ್ಕಳುಮರಿ ಸಮೇತ ಇಳಿದುಹೋದರು. ಅಲ್ಲಿ ಅಂಗಡಿಗಳು ಈಗಲೂ ತೆರೆದಿವೆ, ಕೊಳ್ಳುವವರಿಲ್ಲ. ಇಳಿದವರ ಧ್ವನಿಯೂ ಸೇರಿಕೊಂಡು ಪಕ್ಕದ ಊರಿಗೆ ಕೇಳಿಸತೊಡಗಿತು. "ಹೀಗೇ ಬಿಟ್ರೆ ಭೂಮಿ ಮೇಲೆ ಅಳೋದಕ್ಕೂ ಜನ ಉಳಿಯಲ್ಲ" ಎಂದರು ಮೇಡಂ. ಎಲ್ಲ ಕಡೆ ಕಾಂಕ್ರೀಟ್ ಸುರಿದು ಮುಚ್ಚಿದ್ದಾರೆ. ಇನ್ನು ತೆರೆದಿರುವುದು ನಮ್ಮದೊಂದೇ.

ಇವತ್ತು ಮಧ್ಯಾಹ್ನ ಮೇಡಂ ಎಲ್ಲರನ್ನೂ ಸೇರಿಸಿದರು. ಗಡಿಯಾರ ಲಿಫ್ಟಿಗೆ ಅಡ್ಡ ನಿಂತ. ಯಾವತ್ತೂ ತಡವಾಗಿ ಬರುವ ಕ್ರೇನಿನವನಿಗೆ ನಾವಿಟ್ಟ ಹೆಸರು ಅದು. ಅವನ ತಮ್ಮನೂ ಆ ಪಾಳಿಯಲ್ಲಿದ್ದ.

"ನನ್ನ ತಮ್ಮ ಕೂಗ್ತಿದಾನೆ, ನೀವು ಸಿಮೆಂಟ್ ಸುರೀತೀರಾ?"

"ಅದು ನಿಮ್ಮ ತಮ್ಮ ಅಲ್ಲಪ್ಪಾ. ಅದಕ್ಕೆ ಗಂಟಲೇ ಇಲ್ಲ."

"ಗಂಟಲಿಲ್ಲದ್ದು ನನಗೆ ಹೆಂಗೆ ಬೈತು? 'ಇವತ್ತೂ ಲೇಟಾ, ಕತ್ತೆ' ಅಂತು. ಥೇಟ್ ಅವನೇ!"

ಒಂದಿಬ್ಬರು ನಕ್ಕರು. ನಕ್ಕ ಮೇಲೆ ಅವರಿಗೇ ಹೆದರಿಕೆಯಾಯಿತು.

ಗಡಿಯಾರ ನನ್ನ ಕಡೆ ತಿರುಗಿದ. "ಅಕ್ಕಾ, ನಿನ್ನ ಮಗನೂ ಕೆಳಗಿದಾನೆ. ಎಲ್ಲರ ಮುಂದೆ ನೀನೇ ಕೂಗು. ನೀನು ಹೇಳಿದ ಹಾಗೆ ನಾವು."

ಬಗ್ಗಿ ಕೂಗಿದೆ. ತಣ್ಣನೆಯ ಗಾಳಿ ಮುಖಕ್ಕೆ ಬಂತು. ಅದರ ಹಿಂದೆಯೇ, ಮಾತಾಡುವ ಮೊದಲು ನನ್ನ ಮಗ ಕೆಮ್ಮುತ್ತಿದ್ದನಲ್ಲ, ಆ ಸಣ್ಣ ಕೆಮ್ಮು. ಆಮೇಲೆ ಒಂದೇ ಒಂದು ಮಾತು. ಹಿಂದೆ ನಿಂತವರಿಗೆ ಧ್ವನಿ ಕೇಳಿಸಿತು, ಮಾತು ತಿಳಿಯಲಿಲ್ಲ. ಕಂಬಿ ಹಿಡಿದ ಕೈ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಎದ್ದು ನಿಂತು "ಖಾಲಿ" ಎಂದೆ.

"ನನಗೂ ಕೇಳಿಸ್ತಲ್ಲಕ್ಕಾ..."

"ಖಾಲಿ ಕಣೋ."

ಈ ಮಾತನ್ನು ನಾನು ಯಾವತ್ತೂ ಸುಳ್ಳಿಗೆ ಹೇಳಿದವಳಲ್ಲ ಎಂದು ಅವನಿಗೆ ಗೊತ್ತು. ಪಕ್ಕಕ್ಕೆ ಸರಿದು, ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟ.

ನಿನ್ನ ಮೊಮ್ಮಗುವನ್ನು ನನ್ನ ಪರವಾಗಿ ಎತ್ತಿಕೊಂಡು ತಲೆ ನೇವರಿಸು. ಮಗು ತುಂಬು ಆಯುಸ್ಸು ಬದುಕಲಿ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಉಳಿಸಿಕೊಂಡದ್ದು: ಅದು ಹೇಳಿದ ಮಾತು "ಅಮ್ಮಾ". ನಾನು ಈ ಮನೆಗೆ ಎರಡನೆಯವಳಾಗಿ ಬಂದಾಗ ಅವನು ಇನ್ನೂ ಚಿಕ್ಕವನು, ಆದರೆ ಹೆತ್ತವಳನ್ನು ಮರೆಯುವಷ್ಟು ಚಿಕ್ಕವನಲ್ಲ. ಕೊನೆಯ ದಿನ ಬುತ್ತಿ ತೆಗೆದುಕೊಂಡು ಹೊರಟಾಗಲೂ "ಬರ್ತೀನಿ ಚಿಕ್ಕಮ್ಮ" ಎಂದೇ ಹೋದ. ಅವನ ಕೆಮ್ಮು ಅದಕ್ಕೆ ಅವನಿಂದ ಸಿಕ್ಕಿರಬೇಕು. ಈ ಮಾತು ಮಾತ್ರ ಅದು ನನ್ನೊಳಗಿನ ಆಸೆಯಿಂದ ಎತ್ತಿಕೊಂಡದ್ದು. ಚಿಕ್ಕಮ್ಮ ಎಂದಿದ್ದರೆ ನಾನು ಇಳಿದುಬಿಡುತ್ತಿದ್ದೆ, ಅಕ್ಕ. ಸುಳ್ಳು ಎಂದು ಗೊತ್ತಿದ್ದೂ ಇನ್ನೊಂದು ಸಲ ಕೇಳಬೇಕು ಅನ್ನಿಸುತ್ತಿದೆ. ಕಾಂಕ್ರೀಟ್ ಲಾರಿಗಳು ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಬರುತ್ತವೆ.