ಮೂರನೆಯ ಪೆಟ್ಟು

ಮಾಳಮಡ್ಡಿ, ಧಾರವಾಡ
೧೭ ಜೂನ್ ೨೦೦೭, ಭಾನುವಾರ ಸಂಜೆ

ಉಪ್ಪಿನಬೆಟಗೇರಿಯ ಚಿಗವ್ವನ ಕಟ್ಟೆಯ ಮೇಲೆ ನೆರೆದ ಸಮಸ್ತ ಮಹಾಜನರೇ! ಶೇಂಗಾ ಸುಲಿಯುತ್ತಿರುವ ತಾಯಂದಿರೇ, ಎಲೆಗೆ ಸುಣ್ಣ ಸವರುತ್ತಿರುವ ಹಿರಿಯರೇ, ಕೆಲಸ ಬಿಟ್ಟು ಗೋಡೆಗೆ ಆತು ನಿಂತ ಗೆಳೆಯರೇ! ಕೂತವರು ಸರಿದು ಕೂಡಿರಿ, ನಿಂತವರಿಗೆ ಜಾಗ ಬಿಡಿರಿ, ಅಳುವ ಕೂಸಿನ ಬಾಯಿಗೆ ಬೆಲ್ಲ ಹಾಕಿರಿ. ನಮ್ಮವ್ವ ಬಂದ ಪತ್ರವನ್ನು ಮನಸ್ಸಿನೊಳಗೆ ಓದಿಕೊಳ್ಳುವ ಹೆಂಗಸಲ್ಲ, ದೀಪದ ಮುಂದೆ ನಿಂತ ನಾಯಕಿಯಂತೆ ಊರಿಗೆಲ್ಲ ಕೇಳುವ ಹಾಗೆ ಓದುವವಳು ಎಂಬುದು ಹೆತ್ತ ಮಗನಾದ ನನಗೆ ಗೊತ್ತಿಲ್ಲವೇ? ಆದ್ದರಿಂದ ಮೊದಲ ಶರಣು ನಿಮಗೆ, ಎರಡನೆಯದು ಅವಳಿಗೆ.

ಪ್ರೀತಿಯ ಅವ್ವಾ, ಹೇಗಿದ್ದೀ? ಚಿಗವ್ವನ ಮೊಣಕಾಲಿನ ಬಾವು ಇಳಿಯಿತೇ? ಅವಳಿಗೆ ಎಣ್ಣೆ ತಿಕ್ಕುತ್ತ ನೀನು ನಿನ್ನ ಬೆನ್ನು ಮರೆಯಬೇಡ. ರಾತ್ರಿ ಮಜ್ಜಿಗೆ ಕುಡಿದರೆ ನಿನಗೆ ದಮ್ಮು ಏಳುತ್ತದೆ, ಗೊತ್ತಿದ್ದೂ ಕುಡಿಯುತ್ತೀ, ಅದೂ ನನಗೆ ಗೊತ್ತು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಸೊಸೆ ನಿನ್ನ ತುಳಸಿಗೆ ದಿನಾ ನೀರು ಹಾಕುತ್ತಿದ್ದಾಳೆ. ನನ್ನ ಗಂಟಲೂ ಗಟ್ಟಿಯಾಗಿದೆ. ನಾಟಕ ಕಂಪನಿ ಮುಚ್ಚಿದ ಮೇಲೆ ರಾಜನ ಪಾತ್ರ ಹೋಗಿ ಆಟೋದಲ್ಲಿ ಕೂತು ಮೈಕು ಹಿಡಿದು ಸೀರೆ ಅಂಗಡಿಯ ಜಾಹೀರಾತು ಕೂಗುವ ಪಾತ್ರ ಬಂದಿದೆ, ಆದರೂ ಸುಭಾಸ ರೋಡಿನಲ್ಲಿ ನಾನು ಬಾಯಿ ತೆರೆದರೆ ಎತ್ತುಗಳು ಇವತ್ತಿಗೂ ನಿಂತು ನೋಡುತ್ತವೆ. ಅಪ್ಪ ಕ್ಷೇಮವೋ ಅಲ್ಲವೋ, ಅದನ್ನು ಹೇಳುವುದಕ್ಕಾಗಿಯೇ ಈ ಪತ್ರ.

ಮಹಾಜನರೇ, ಕಥೆ ತಿಳಿಯಬೇಕಾದರೆ ಕಥಾನಾಯಕನನ್ನು ತಿಳಿಯಬೇಕು. ನಮ್ಮಪ್ಪ ಸಿದ್ದಲಿಂಗಪ್ಪ, ಒಂದು ಕಾಲದ ಕಂಪನಿಯ ತಬಲಾ ಮಾಸ್ತರ. ಅವರ ಕೈ ಬಿದ್ದರೆ ತೆರೆಯ ಹಿಂದಿನ ಮುದುಕ ನಟನಿಗೂ ಪಾದ ತಾನಾಗಿ ಏಳುತ್ತಿತ್ತು. ನನಗೂ ನನ್ನಕ್ಕ ಜಯಾಗೂ ಅವರೇ ಗುರು. ತಬಲಾದ ಕಟ್ಟಿಗೆಯ ಗುಂಡುಗಳನ್ನು ಬಡಿದು ಶ್ರುತಿಗೆ ತರುವ ಪುಟ್ಟ ಸುತ್ತಿಗೆ ನೋಡಿದ್ದೀರಲ್ಲ? ನಮ್ಮ ಮನೆಯಲ್ಲಿ ಅದು ಮಕ್ಕಳನ್ನೂ ಶ್ರುತಿಗೆ ತರುತ್ತಿತ್ತು. ಒಂದು ತಾಳ ತಪ್ಪಿದರೆ ಬೆರಳ ಗೆಣ್ಣಿನ ಮೇಲೆ ಒಂದು ಪೆಟ್ಟು. ಕೈ ಹಿಂದೆಳೆದರೆ ಎರಡು. ಜಯಾನ ಉಂಗುರ ಬೆರಳು ಹಾಗೇ ಮುರಿದು, ಹಾಗೇ ಸೊಟ್ಟಗೆ ಕೂಡಿಕೊಂಡಿತು. ಮದುವೆಯಲ್ಲಿ ಉಂಗುರ ಆ ಗೆಣ್ಣು ದಾಟಲಿಲ್ಲ. ಬೀಗರು ಮುಖ ಮುಖ ನೋಡಿಕೊಂಡರು, ಅಪ್ಪ ಮಾತ್ರ ಚಪ್ಪರದಡಿ ಕೂತು ನಕ್ಕು, "ತಾಳ ತಪ್ಪೋ ಬೆರಳಿಗೆ ಬಂಗಾರ ಯಾಕ ಬೇಕ್ರಿ?" ಎಂದರು. ಎಲ್ಲರೂ ನಕ್ಕರು. ಜಯಾನೂ ನಕ್ಕಳು, ಬೇರೆ ದಾರಿ ಇರಲಿಲ್ಲ. ಆಗೆಲ್ಲ ಅವ್ವಾ, ನೀನು ಒಳಗಿನಿಂದ ಅರಿಶಿಣ ತಂದು ಬೆರಳಿಗೆ ಹಚ್ಚಿ, ಊದಿ, ತಲೆ ಸವರಿ, ಮತ್ತೆ ಅದೇ ಜಮಖಾನದ ಮೇಲೆ ಕೂಡಿಸಿ ಹೋಗುತ್ತಿದ್ದೆ. ನಿನ್ನ ಕೈ ಬಲು ಮೆತ್ತಗಿತ್ತು, ಅದನ್ನು ನಾನು ಮರೆತಿಲ್ಲ.

ಈಗ ಆ ಸುತ್ತಿಗೆ ನನ್ನ ಮಗಳು ಗೀತಾಂಜಲಿಯ ಕಡೆ ತಿರುಗಿತ್ತು. ಒಂಬತ್ತರ ಹುಡುಗಿ. ನಾಳೆ ಸೋಮವಾರ ಕಾಯಿ ಒಡೆದು ಅವಳ ಕೈಗೆ ಗುರುವಿನ ದಾರ ಕಟ್ಟುತ್ತೇನೆ ಎಂದು ಅಪ್ಪ ಸಾರಿದ್ದರು. ದಾರ ಕಟ್ಟಿಸಿಕೊಂಡ ಶಿಷ್ಯ ಗುರುವಿನ ಸ್ವತ್ತು, ಹೆತ್ತವರು ನಡುವೆ ಬಾಯಿ ಹಾಕುವಂತಿಲ್ಲ. ನಾನು ಬೇಡವೆಂದೆ. "ನಿನಗ ಕಲಿಸಿದ್ದ ಕೆಟ್ಟಿತೇನಪಾ? ಇವತ್ತ ಮೈಕ ಹಿಡದ ಒದರಿದ್ರೂ ಲಯಕ್ಕ ಒದರತಿ" ಎಂದರು. ನಿನ್ನ ಸೊಸೆ ಅತ್ತಳು. "ಅಳೂದಿದ್ರ ತಾಳಕ್ಕ ಅಳವಾ" ಎಂದರು. ನೀನು ಊರಿಗೆ ಹೋಗುವ ದಿನ ನಿನ್ನನ್ನೂ ಕೇಳಿದೆ. "ಗಂಡಸರ ತಾಳದಾಗ ನಾ ಏನ ಹೇಳ್ಲಿ" ಎಂದು ನೀನು ಚೀಲ ಎತ್ತಿಕೊಂಡೆ.

ಅಂಥ ಗಳಿಗೆಯಲ್ಲಿ, ಸಭಿಕರೇ, ರಂಗಕ್ಕೆ ಬಂದಳು ಜಯಾ! ಅವಳ ಗಂಡನದು ಹುಬ್ಬಳ್ಳಿ ದುರ್ಗದಬೈಲಿನಲ್ಲಿ ರೇಡಿಯೋ ರಿಪೇರಿ ಅಂಗಡಿ. ಯಾರೋ ರಿಪೇರಿಗೆ ಕೊಟ್ಟು ತಿರುಗಿ ನೋಡದೆ ಹೋದ ಹಳೆಯ ವಿಡಿಯೋ ಗೇಮ್ ಒಂದನ್ನು ನಿನ್ನೆ ಗೀತಾಗೆಂದು ತಂದಳು. ಅಂಗೈಯಷ್ಟು ಅಗಲ, ಗಾಜಿನ ಮೇಲೆ ಗೀರು, ಬ್ಯಾಟರಿಯ ಮುಚ್ಚಳ ಕಳೆದುಹೋಗಿ ರಬ್ಬರು ಬಿಗಿದಿದೆ. ಗುಂಡು ಹಾರಿಸುವ ಆಟವಲ್ಲ, ಮೋಟಾರು ಓಡಿಸುವ ಆಟವಲ್ಲ. ಇದು ತಾಳದ ಆಟ! ಪರದೆಯಲ್ಲಿ ಡೊಳ್ಳು ಹೊಟ್ಟೆಯ ಕಮ್ಮಾರ ನಿಂತಿರುತ್ತಾನೆ. ಹಿಂದೆ ಸಂಗೀತ. ಸಣ್ಣ ಗಂಟೆ ಟಿಣ್ ಟಿಣ್ ಟಿಣ್ ಟಿಣ್ ಎಂದು ನಾಲ್ಕು ಎಣಿಸುತ್ತದೆ. ಪ್ರತಿ ನಾಲ್ಕರ ಮೊದಲ ಗಂಟೆಗೆ ಮೇಲಿನಿಂದ ಒಂದು ಕೆಂಡದ ಉಂಡೆ ಬೀಳುತ್ತದೆ. ಸರಿಯಾಗಿ ಆಗ ಗುಂಡಿ ಒತ್ತಿದರೆ ಕಮ್ಮಾರ ಢಣ್ಣನೆ ಬಡಿಯುತ್ತಾನೆ, ಕತ್ತಿ ಬೆಳೆಯುತ್ತದೆ. ತಪ್ಪಿದರೆ ತನ್ನ ಹೆಬ್ಬೆರಳ ಮೇಲೆ ತಾನೇ ಬಡಿದುಕೊಂಡು ಕುಣಿಯುತ್ತಾನೆ, ಡಬ್ಬಿ "ಕ್ವಂಕ್" ಎಂದು ಬಾತುಕೋಳಿಯಂತೆ ಹಂಗಿಸುತ್ತದೆ. ನಿನ್ನೆ ಸಂಜೆಯೆಲ್ಲ ನಾವು ಮೂವರೂ ಆಡಿದೆವು. ಗೀತಾ ಮೊದಲ ಆಟಕ್ಕೇ ಕತ್ತಿ ಮುಗಿಸಿ, ಕಮ್ಮಾರನ ಕೊರಳಿಗೆ ಹಾರ ಬೀಳಿಸಿದಳು.

ಇವತ್ತು ಮಧ್ಯಾಹ್ನ ಊಟ ಮುಗಿಸಿ ಅಪ್ಪ ಪಡಸಾಲೆಯಲ್ಲಿ ಎಲೆ ಹಾಕಿಕೊಳ್ಳುತ್ತಿದ್ದಾಗ ಜಯಾ ಆ ಡಬ್ಬಿಯನ್ನು ಅವರ ಮುಂದಿಟ್ಟಳು. "ಅಪ್ಪಾ, ನಾಳಿ ಹುಡುಗಿಗೆ ದಾರ ಕಟ್ಟಾವ್ರಿದ್ದೀರಿ. ಇದೊಂದ ಆಟ ಗೆದ್ದ ತೋರಸ್ರಿ. ಗೆದ್ರ ನಾವ್ಯಾರೂ ತುಟಿ ಬಿಚ್ಚೂದಿಲ್ಲ. ಸೋತ್ರ ಗೀತಾನ್ನ ಬಿಟ್ಟಬಿಡ್ರಿ." ಅಪ್ಪ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ಏನವಾ ಜಯವ್ವಾ, ಬ್ಯಾಟರಿ ಹಾಕಿದ ಡಬ್ಬಿ ಸಿದ್ದಲಿಂಗಪ್ಪಗ ತಾಳ ಕಲಸತೈತೇನು? ತಾ ಇಲ್ಲೆ!" ನಿನ್ನ ಸೊಸೆ ಚಾಳೀಸ ತಂದುಕೊಟ್ಟಳು. ಅಪ್ಪ ಅದನ್ನು ದೂಡಿದರು. "ತಾಳಕ್ಕ ಕಣ್ಣ ಯಾಕ? ಕಣ್ಣಿಲೆ ಬಾರಸಾವ್ರು ಕಂಪನ್ಯಾಗ ಪರದೆ ಎಳೀತಿದ್ರು."

ಆಹಾ, ಆ ಕೂತ ಭಂಗಿ ನೋಡಬೇಕಿತ್ತು! ಜಮಖಾನ ಹಾಸಿಸಿದರು. ಬಾಯಿ ತೊಳೆದು, ವಿಭೂತಿ ಹಚ್ಚಿ, ಗುರುವನ್ನು ನೆನೆದು ಕಣ್ಣು ಮುಚ್ಚಿದರು. ಎಡಗೈಯಲ್ಲಿ ಡಬ್ಬಿ, ಬಲಗೈ ಹೆಬ್ಬೆರಳು ಗುಂಡಿಯ ಮೇಲೆ. ಗಂಟೆ ಶುರುವಾಯಿತು. ಮೊದಲ ಉಂಡೆ: ಢಣ್! ಕೂದಲೆಳೆಯ ವ್ಯತ್ಯಾಸವಿಲ್ಲ. ಎರಡನೆಯದು: ಢಣ್! ಅಪ್ಪನ ತಲೆ ತೂಗಿತು. ಮೂರನೆಯದು: ಕ್ವಂಕ್! ನಾಲ್ಕನೆಯದು ಮತ್ತೆ ಢಣ್. ಮುಂದಿನ ಸುತ್ತು: ಢಣ್, ಢಣ್, ಕ್ವಂಕ್, ಢಣ್. ಅದರ ಮುಂದಿನದೂ ಹಾಗೇ. ಕಮ್ಮಾರ ಹೆಬ್ಬೆರಳು ಚೀಪುತ್ತ ಕುಣಿದ, ಕತ್ತಿ ಅರ್ಧಕ್ಕೇ ಮುರಿದುಬಿತ್ತು. "ಇದೇನ ಒದರತೈತಿ?" ಎಂದರು ಅಪ್ಪ. "ತಾಳ ತಪ್ಪಿದ್ರ ಹಂಗ ಒದರತೈತ್ರಿ" ಎಂದಳು ಜಯಾ. ಮಿಷನ್ ಕೆಟ್ಟಿದೆ ಎಂದರು. "ಒಂಬತ್ತ ವರ್ಷದ ಹುಡುಗಿ ನಿನ್ನೀನ ಗೆದ್ದಾಳ್ರಿ" ಎಂದಳು.

ಎರಡನೆಯ ಆಟ. ಈಗ ನಗು ಇಲ್ಲ. ಢಣ್, ಢಣ್, ಕ್ವಂಕ್. ಕಣ್ಣು ತೆರೆಯದೆಯೇ ಕೇಳಿದರು, "ಎರಡನೇದು ತಡ ಆತೇನವಾ?" ಜಯಾ, "ಹೂಂರಿ, ಒಂಚೂರು ತಡ ಆತು" ಎಂದಳು. ಸರಿ, ಎರಡನೆಯದನ್ನು ಬೇಗ ಒತ್ತಿದರು, ಈಗ ಅದಕ್ಕೂ ಕ್ವಂಕ್! "ಈಗ ಲಗೂ ಆತ್ರಿ" ಎಂದಳು. ತಡ ಮಾಡಿದರು, ಕ್ವಂಕ್. ಮಹಾಜನರೇ, ಎಪ್ಪತ್ತೆರಡು ವರ್ಷದ ತಾಳ ನನ್ನ ಕಣ್ಣೆದುರು ಕುಂಟತೊಡಗಿತು! ಮೂರನೆಯ ಆಟಕ್ಕೆ ಹೆಬ್ಬೆರಳು ಬಿಟ್ಟು ತೋರುಬೆರಳು ಇಟ್ಟರು. ಆಮೇಲೆ ಮೊದಲನೆಯದೂ ತಪ್ಪಿತು, ನಾಲ್ಕನೆಯದೂ ತಪ್ಪಿತು. ಬೆವರು ಹಣೆಯ ವಿಭೂತಿಯನ್ನು ಮೂಗಿನ ತುದಿಗೆ ಇಳಿಸಿತು. ಪಡಸಾಲೆಯ ತುಂಬ ಬಾತುಕೋಳಿ ಒಂದೇ ಸಮನೆ ಒದರುತ್ತಿತ್ತು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು, ಗ್ಯಾಲರಿಯ ಪ್ರೇಕ್ಷಕನಂತೆ ನಕ್ಕೆ.

ಅಪ್ಪ ಡಬ್ಬಿ ಕೆಳಗಿಟ್ಟರು. ತಬಲಾದ ಪಕ್ಕದಲ್ಲಿದ್ದ ಸುತ್ತಿಗೆಯನ್ನು ತಾವೇ ಎತ್ತಿ ಜಯಾನ ಕೈಗೆ ಕೊಟ್ಟರು. ಬಲಗೈ ಮುಂದೆ ಚಾಚಿ, ಬೆರಳು ಅಗಲಿಸಿ, "ಹೊಡಿ" ಎಂದರು. ನನ್ನ ನಗು ನಿಂತಿತು. ಜಯಾ ಸುತ್ತಿಗೆಯನ್ನು ತೂಗಿ ನೋಡಿದಳು. ಆ ಕಪ್ಪು ಗೆಣ್ಣುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸುತ್ತಿಗೆಯನ್ನು ಮೆತ್ತಗೆ ಜಮಖಾನದ ಮೇಲಿಟ್ಟು, "ಬ್ಯಾಡ್ರಿ ಅಪ್ಪಾ. ಹೊಡೀಬೇಕಾದ್ದು ಕಲಿಯಾವ್ರಿಗೆ ಅಂತ ನೀವ ಹೇಳತಿದ್ರಿ. ನಿಮಗಿನ್ನ ಹೊಡದ ಏನ ಉಪಯೋಗ?" ಎಂದಳು.

ಚಾಚಿದ ಕೈ ಚಾಚಿದಂತೆಯೇ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯಲಿಲ್ಲ. ಕಡೆಗೆ ತೊಡೆಯ ಕೆಳಗೆ ಹಾಕಿಕೊಂಡು ಕೂತರು. ತುಸು ಹೊತ್ತಾದ ಮೇಲೆ ತಬಲಾಕ್ಕೆ ಬಟ್ಟೆ ಮುಚ್ಚಿ ನನ್ನನ್ನು ಕರೆದರು. "ಶಶಿ, ಹುಡುಗೀಗೆ ದಾರ ಬ್ಯಾಡ. ಈ ಜೋಡಿ ಗರಗದ ಭಜನಿಯವ್ರಿಗೆ ಕೊಟ್ಟಬಿಡು. ನನ್ನ ಕೈ ಹೋಗೇತಿ" ಎಂದರು. ಇಷ್ಟಕ್ಕೆ ಅಂಕ ಮುಗಿಯಿತು, ತೆರೆ ಬಿತ್ತು, ಚಪ್ಪಾಳೆ ತಟ್ಟುವವರು ತಟ್ಟಿರಿ! ನಮ್ಮ ಗೀತಾನ ಬೆರಳು ಉಳಿದವು.

ಚಿಗವ್ವನಿಗೆ ನನ್ನ ಶರಣು ಹೇಳು. ಅಲ್ಲಿಯ ಮಕ್ಕಳಿಗೆ ಆಶೀರ್ವಾದ. ಉಸ್ಮಾನಸಾಬರ ಟೆಂಪೋ ಇವತ್ತೇ ಸಂಜೆ ನಿಮ್ಮೂರಿಗೆ ಹೊರಟಿದೆ, ಅವರ ಕೈಯಲ್ಲಿ ಪತ್ರ ಕಳಿಸುತ್ತಿದ್ದೇನೆ. ದೇವರು ನಿನಗೆ ಗಟ್ಟಿ ಎದೆ ಕೊಡಲಿ.

ನಿನ್ನ ಮಗ,
ಶಶಿಕಾಂತ

ತಾ.ಕ.: ಅವ್ವಾ, ಇಲ್ಲಿಂದ ಮುಂದೆ ಜೋರಾಗಿ ಓದಬೇಡ. ಮಂದಿಯನ್ನು ಎಬ್ಬಿಸಿ ಕಳಿಸು. ಮೂರನೆಯ ಪೆಟ್ಟಿನ ಹತ್ತಿರ ಬಂದಾಗಲೇ ನಿನ್ನ ಬಾಯಿ ತಡವರಿಸಿರುತ್ತದೆ, ಬಲ್ಲೆ. ವರ್ಷಗಟ್ಟಲೆ ಅವರ ತಬಲಾಕ್ಕೆ ಹಾಡಿದವಳು ನೀನು. ನಾಲ್ಕು ನಾಲ್ಕು ಎಣಿಕೆಯ ನಾಲ್ಕು ಭಾಗ ಸೇರಿದರೆ ಅವರ ತಾಳದ ಒಂದು ಸುತ್ತು: ಎರಡು ಕಡೆ ಚಪ್ಪಾಳೆ, ಮೂರನೆಯ ಕಡೆ ಖಾಲಿ. ಅಲ್ಲಿ ಹೊಡೆಯಬಾರದು, ಕೈ ಎತ್ತಿ ಗಾಳಿಗೆ ಬಿಡಬೇಕು. ನಾಲ್ಕನೆಯದಕ್ಕೆ ಮತ್ತೆ ಚಪ್ಪಾಳೆ. ಅಪ್ಪ ಕಣ್ಣು ಮುಚ್ಚಿ ಅದನ್ನೇ ಮಾಡಿದರು. ಪ್ರತಿ ಮೂರನೆಯದಕ್ಕೂ ಹೆಬ್ಬೆರಳು ಎಷ್ಟು ಅಂದವಾಗಿ ಮೇಲೆದ್ದಿತು ಗೊತ್ತೇ! ಖಾಲಿ ಎಂದರೇನೆಂದು ಆ ಡಬ್ಬಿಗೆ ತಿಳಿಯದು. ಅವರ ತಾಳ ತಪ್ಪಿರಲಿಲ್ಲ. ನಿನ್ನೆ ಮೊದಲ ಆಟಕ್ಕೆ ಜಯಾನ ಹೆಬ್ಬೆರಳೂ ಅಲ್ಲಿಯೇ ಎದ್ದಿತು, ನನ್ನದೂ ಎದ್ದಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಅಷ್ಟರಲ್ಲೇ ಎಲ್ಲ ನಿಶ್ಚಯವಾಯಿತು. ಖಾಲಿಯಲ್ಲಿ ಡಬ್ಬಿ ಒದರಿದ್ದನ್ನು ಅಪ್ಪ ಹಿಂದಿನ ಪೆಟ್ಟಿನ ತಪ್ಪೆಂದು ತಿಳಿದರು, ತಡ ಆಯಿತೆಂದು ಜಯಾ ಹೇಳಿದ್ದು ಸುಳ್ಳು. "ಅಜ್ಜಾ, ಅಲ್ಲೂ ಒತ್ತಬೇಕ" ಎಂದು ಗೀತಾ ಬಾಯಿ ತೆರೆದಾಗ ನೀರು ತರಲು ಅವಳನ್ನು ಒಳಗೆ ಅಟ್ಟಿದ್ದು ನಾನು. ಕಡೆಗೆ ನಿಜವಾಗಿಯೂ ತಪ್ಪಿದ್ದು, ತಪ್ಪುತ್ತಿದೆ ಎಂದು ನಾವು ನಂಬಿಸಿದ್ದಕ್ಕೆ. ನನಗೆ ಇದರಲ್ಲಿ ಕಿಂಚಿತ್ತೂ ಪಶ್ಚಾತ್ತಾಪವಿಲ್ಲ.

ಈಗ ಕೇಳು. ಮಂಗಳವಾರ ಅಪ್ಪ ನಿನ್ನ ಹತ್ತಿರ ಬರುತ್ತಾರೆ. "ನನ್ನ ಕೈ ಯಾವಾಗಿಂದ ತಪ್ಪಾಕತ್ತಿತ್ತು ಅನ್ನೂದು ಸತ್ಯವ್ವಗ ಗೊತ್ತಿರತೈತಿ. ಆಕಿ ಸುಳ್ಳ ಹೇಳೂದಿಲ್ಲ" ಎಂದು ನಿನ್ನ ಹೆಸರು ಹಿಡಿದು ನನ್ನ ಮುಂದೆ ಹೇಳಿದ್ದಾರೆ. ಜಗತ್ತಿನಲ್ಲಿ ಅವರು ನಂಬುವ ಕಿವಿ ನಿನ್ನದೊಂದೇ. ಖಾಲಿ ಎಂಬ ಒಂದು ಶಬ್ದ ನೀನು ಆಡಿದರೆ ಸಾಕು, ಅವರು ಎದ್ದು ನಿಲ್ಲುತ್ತಾರೆ, ಸುತ್ತಿಗೆಯೂ ಏಳುತ್ತದೆ, ಗೀತಾನ ಕೈಗೆ ದಾರವೂ ಬೀಳುತ್ತದೆ. ನಮ್ಮ ಬೆರಳು ಒಡೆಯುವಾಗ ನೀನು ಮಾತಾಡಲಿಲ್ಲ. ಈಗ ಮಾತಾಡು. ಭಾಳ ವರ್ಷದಿಂದ ತಪ್ಪುತ್ತಿತ್ತು, ನೊಂದುಕೊಳ್ಳುತ್ತೀರೆಂದು ಹೇಳಲಿಲ್ಲ ಎನ್ನು. ಅವರ ಮುಖ ನೋಡಿ ಹೇಳು. ನಿನ್ನಷ್ಟು ದೊಡ್ಡ ನಟಿ ನಮ್ಮ ಕಂಪನಿಯಲ್ಲಿ ಇರಲಿಲ್ಲ.

ಉಸ್ಮಾನಸಾಬರು ಹಾರ್ನ್ ಹೊಡೆಯುತ್ತಿದ್ದಾರೆ. ಅಪ್ಪ ಪಡಸಾಲೆಯಲ್ಲಿ ಕೂತು ಬರಿಗೈಯಲ್ಲಿ ತೊಡೆಯ ಮೇಲೆ ಏನೋ ಎಣಿಸುತ್ತಿದ್ದಾರೆ, ಎಣಿಸಿ ಎಣಿಸಿ ಮೂರನೆಯ ಕಡೆ ಬಂದು ನಿಲ್ಲುತ್ತಿದ್ದಾರೆ. ಅವರಿಗೆ ಹೊಳೆದರೆ ಕೆಲಸ ಕೆಟ್ಟಿತು. ನಾಳೆ ಬೆಳಿಗ್ಗೆ ಅವರು ಸ್ನಾನಕ್ಕೆ ಇಳಿಯುವುದನ್ನೇ ಕಾದು, ತಬಲಾ ಜೋಡಿಯನ್ನು ಆಟೋದಲ್ಲಿ ಹಾಕಿಕೊಂಡು ಗರಗಕ್ಕೆ ಹೊರಟುಬಿಡುತ್ತೇನೆ.