ಎರಡನೇ ಕಂಟ್ರೋಲರ್

ಲೇ ರೇವಣಸಿದ್ದ,

ನಿನ್ನ ವಿಳಾಸ ನನ್ನ ಹತ್ತಿರ ಇಲ್ಲ. ಇದ್ದಿದ್ದರೂ ಕಳಿಸುತ್ತಿರಲಿಲ್ಲ, ಬರೆಯಲು ಅದೇ ಧೈರ್ಯ.

ಇವತ್ತು ಮಧ್ಯಾಹ್ನ ಮಗಳು ಶಾಂಭವಿ ಟಿವಿಯಲ್ಲಿ ಆಡುವ ಒಂದು ವಿಡಿಯೋ ಗೇಮ್ ಡಿಸ್ಕ್ ತಂದಳು. ಹೊಸಪೇಟೆಯ ನಮ್ಮಿಬ್ಬರ ಗೇಮ್ ಅಂಗಡಿಯಲ್ಲಿ ಮಷೀನಿಗೊಂದರಂತೆ ಇದ್ದ ರಾಕ್ಷಸರ ಕಾಳಗದ ಹಳೆಯ ಆಟಗಳೆಲ್ಲ ಅದೊಂದರಲ್ಲೇ ಇವೆ. ಆ ರಾಕ್ಷಸರಲ್ಲಿ ನೀನು ಯಾವಾಗಲೂ ಆರಿಸುತ್ತಿದ್ದ ಮೂರು ಕಣ್ಣಿನ ಹಲ್ಲಿಯೂ ಇದೆ.

ನೀನು ನಿನ್ನ ಅಕ್ಕನ ಮದುವೆಗೆಂದು ಬಂಡ್ರಿಗೆ ಹೋದ ವಾರ ನಾನು ನಿನಗೆ ತಿಳಿಸದೆ ಆ ಮಷೀನುಗಳನ್ನು ಮಾರಿ ಅದಿರು ಸಾಗಿಸುವ ಲಾರಿ ಕೊಂಡದ್ದನ್ನು ಅವಳಿಗೆ ಹೇಳಲಿಲ್ಲ. ಈಗ ಹನ್ನೊಂದು ಲಾರಿಗಳಿವೆ. ಅವು ಊರೂರು ತಿರುಗುತ್ತವೆ, ನಾನು ಫೋನಿನ ಪಕ್ಕ ಕೂತಿರುತ್ತೇನೆ.

ಸೋತವರು ಎದ್ದು ಜಾಗ ಬಿಡಬೇಕೆಂಬ ನಮ್ಮ ಅಂಗಡಿಯ ನಿಯಮ ಹೇಳಿಕೊಟ್ಟೆ. ಆರು ಸಲ ಸೋತ ಮೇಲೆ ಶಾಂಭವಿ, "ಗೆದ್ದವ್ರು ಏಳಂಗೇ ಇಲ್ಲೇನಪ್ಪಾ? ಹಂಗಾದ್ರ ನೀನೊಬ್ಬನೇ ಕುಂದ್ರು," ಎಂದು ಹೊರಗೆ ಓಡಿದಳು.

ಅವಳು ಬಿಟ್ಟುಹೋದ ಎರಡನೇ ಕಂಟ್ರೋಲರಿನಲ್ಲಿ ನಿನ್ನ ಹಲ್ಲಿಯನ್ನು ಆರಿಸಿ, ಆ ಕಂಟ್ರೋಲರನ್ನು ಪಕ್ಕದ ಕುರ್ಚಿಯ ಮೇಲಿಟ್ಟೆ. ಹಲ್ಲಿ ಕೈ ಎತ್ತದೆ ನಿಂತಿತು. ನಾನೂ ಹೊಡೆಯಲಿಲ್ಲ. ಟೈಮ್ ಮುಗಿದಾಗ ಇಬ್ಬರೂ ಸೋತರೆಂದು ಪರದೆ ತೋರಿಸಿತು.

ಸೋತೆನಲ್ಲ, ನಿಯಮದ ಪ್ರಕಾರ ಈಗ ನಾನೂ ಏಳಬಹುದಿತ್ತು, ರೇವಣ. ನಿನ್ನ ಕಡೆಗೆ ಮತ್ತೆ ಅದೇ ಹಲ್ಲಿಯನ್ನು ಆರಿಸಿ ಕೂತೆ.